ಬಜ್ಪೆಯ ದಾರಿ ಮತ್ತು ನಮ್ಮ ಕಥೆಗಳು

ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಯಾರ ಹೆಸರಿಡಬೇಕು ಎಂಬ ಚರ್ಚೆ ಕರಾವಳಿಯಲ್ಲಿ ಆಗಾಗ ಏಳುತ್ತದೆ, ಕೆಲವು ದಿನ ಕಾವೇರಿ ಆಮೇಲೆ ತಣ್ಣಗಾಗುತ್ತದೆ. ಕೋಟಿ ಚೆನ್ನಯರ ಹೆಸರು ಬೇಕೆನ್ನುವವರಿದ್ದಾರೆ. ರಾಣಿ ಅಬ್ಬಕ್ಕನ ಹೆಸರು ಹೇಳುವವರಿದ್ದಾರೆ. ಈ ನಿಲ್ದಾಣವನ್ನೂ, ಬಂದರನ್ನೂ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜನ್ನೂ ಜಿಲ್ಲೆಗೆ ತರಲು ದುಡಿದ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರನ್ನು ನೆನೆಯುವವರೂ ಇದ್ದಾರೆ. ಮೂರೂ ದೊಡ್ಡ ಹೆಸರುಗಳೇ. ನನಗೆ ಯಾವುದರ ಬಗ್ಗೆಯೂ ತಕರಾರಿಲ್ಲ. ಆದರೆ ಈ ಚರ್ಚೆಗಳಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಈ ನಿಲ್ದಾಣ ಬದುಕಿರುವುದು ಯಾರ ಪ್ರಯಾಣದಿಂದ?

ವಿಮಾನ ನಿಲ್ದಾಣದ ಬಗ್ಗೆ ಒಬ್ಬ ಕಥೆಗಾರ ಬರೆಯುವುದೇನಿದೆ ಎಂದು ಓದುಗರಿಗೆ ಅನ್ನಿಸಬಹುದು. ಬಜ್ಪೆಯ ಬಗ್ಗೆ ನಮ್ಮಲ್ಲಿ ಈಗಾಗಲೇ ಹಲವು ಕಥೆಗಳು ಚಾಲ್ತಿಯಲ್ಲಿವೆ. ಉದ್ಘಾಟನೆಯ ದಿನ ಮಂತ್ರಿಗಳು ಹೇಳುವ ಕಥೆ ಒಂದು. ಅಪಘಾತದ ತನಿಖಾ ವರದಿ ಹೇಳುವ ಕಥೆ ಇನ್ನೊಂದು. ಪರಿಹಾರದ ಮೊಕದ್ದಮೆಗಳಲ್ಲಿ ನ್ಯಾಯಾಲಯಗಳು ಹೇಳಿದ್ದು ಮತ್ತೊಂದು. ಕೊನೆಯದು ನಾವು ಮುಸ್ಲಿಂ ಲೇಖಕರು ನಮ್ಮ ಕಥೆಗಳಲ್ಲಿ ಬರೆದದ್ದು, ಅಥವಾ ಬರೆಯದೆ ಬಿಟ್ಟದ್ದು. ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಬ್ಬ ಮನುಷ್ಯ ಎಲ್ಲದರಿಂದಲೂ ಜಾರಿಹೋಗಿರುವುದು ಕಾಣುತ್ತದೆ. ಅವನು ಗಲ್ಫಿಗೆ ದುಡಿಯಲು ಹೋಗಿ ಬರುವವನು.

ಮೊದಲು ಇತಿಹಾಸ. ಬಜ್ಪೆ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಅಂದು ಡಕೋಟಾ ವಿಮಾನದಲ್ಲಿ ಬಂದಿಳಿದವರು ಪ್ರಧಾನಿ ನೆಹರೂ. ಕೆಂಪುಕಲ್ಲಿನ ಗುಡ್ಡದ ನೆತ್ತಿಯನ್ನು ಮಟ್ಟಸ ಮಾಡಿ ಹಾಸಿದ ರನ್‌ವೇ ಅದು. ಉದ್ದ 1,615 ಮೀಟರ್. ತುದಿ ದಾಟಿದರೆ ಕಣಿವೆ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸಿನ ಅವ್ರೋ ವಿಮಾನವೊಂದು ಆ ತುದಿಯನ್ನು ದಾಟಿ ಮುಂದೆ ಹೋಗಿ ನಿಂತಿತು. ದೇವರ ದಯೆ, ಯಾರೂ ಸಾಯಲಿಲ್ಲ. 2,450 ಮೀಟರ್ ಉದ್ದದ ಎರಡನೆಯ ರನ್‌ವೇ ಬಳಕೆಗೆ ಬರಲು 2006ರವರೆಗೆ ಕಾಯಬೇಕಾಯಿತು. ಅದೂ ಗುಡ್ಡದ ತಲೆಯ ಮೇಲೆಯೇ.

ಈ ಐವತ್ತೈದು ವರ್ಷ ಬಜ್ಪೆ ಯಾರದಾಗಿತ್ತು? ಬ್ಯಾಂಕಿನ ದೊಡ್ಡ ಅಧಿಕಾರಿಗಳದ್ದು, ವ್ಯಾಪಾರಸ್ಥರದ್ದು, ಮಣಿಪಾಲಕ್ಕೆ ಬರುವ ವೈದ್ಯರು ಮತ್ತು ಶ್ರೀಮಂತ ವಿದ್ಯಾರ್ಥಿಗಳದ್ದು, ಬೆಂಗಳೂರು ಬೊಂಬಾಯಿಗೆ ತಿರುಗುವ ರಾಜಕಾರಣಿಗಳದ್ದು. ಗಲ್ಫಿಗೆ ಹೋಗುವವನಿಗೆ ಅದು ತಲೆಯ ಮೇಲೆ ಸದ್ದು ಮಾಡಿ ಹೋಗುವ ವಸ್ತು, ಅಷ್ಟೆ. ಅವನ ದಾರಿ ಬೊಂಬಾಯಿಯದು. ಹಿಂದಿನ ತಲೆಮಾರಿನವರು ಅಲ್ಲಿಂದ ಬ್ರಿಟಿಷ್ ಇಂಡಿಯಾ ಕಂಪನಿಯ 'ದ್ವಾರಕಾ' ಹಡಗು ಹತ್ತುತ್ತಿದ್ದರು. 1982ರಲ್ಲಿ ಅದು ನಿಂತಿತು. ಮುಂದೆ ಉಳಿದದ್ದು ಸಹಾರ್ ವಿಮಾನ ನಿಲ್ದಾಣ ಒಂದೇ.

ನನ್ನ ಮಾಮು ಒಬ್ಬರು ಕುಂದಾಪುರದ ಕಡೆಯಿಂದ 1983ರಲ್ಲಿ ದಮ್ಮಾಮಿಗೆ ಹೋದವರು. ಸೆಂಟ್ರಿಂಗ್ ಕೆಲಸ. ಉರ್ದು ಶಾಲೆಯಲ್ಲಿ ಏಳನೆಯವರೆಗೆ ಓದಿದ್ದರು. ಕಡಿಮೆ ಓದಿದವರು ದುಡಿಯಲು ದೇಶ ಬಿಡಬೇಕಾದರೆ ಆಗ ಪಾಸ್‌ಪೋರ್ಟಿನ ಮೇಲೆ ಸರಕಾರದ ಪ್ರತ್ಯೇಕ ಅನುಮತಿಯ ಮುದ್ರೆ ಬೀಳಬೇಕಿತ್ತು. ಅವರ ರಕ್ಷಣೆಗೆಂದೇ ಆದ ಕಾನೂನು ಅದು. ಆದರೆ ಆ ಮುದ್ರೆಗಾಗಿ ಏಜೆಂಟನ ಹಿಂದೆ ಅಲೆಯುತ್ತ ಬೊಂಬಾಯಿಯಲ್ಲಿ ಊರಿನ ಜಮಾಅತಿನವರು ಹಿಡಿದಿದ್ದ ಕೋಣೆಯಲ್ಲಿ ಹದಿನೆಂಟು ಜನರ ನಡುವೆ ಮಾಮು ತಿಂಗಳುಗಟ್ಟಲೆ ಮಲಗಿದ್ದರಂತೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಅದರಲ್ಲಿ ಹೋಗುವಾಗ ಬರುವಾಗ ಸೇರಿ ಒಂದು ವಾರ ಬೊಂಬಾಯಿಗೇ ಸಲ್ಲಬೇಕು. ಟಿಕೆಟ್ ಖಾತ್ರಿಯಾಗುವವರೆಗೆ ಕಾಯುವುದು, ಪೆಟ್ಟಿಗೆಗೆ ಹಗ್ಗ ಬಿಗಿಯುವುದು, ಇಡೀ ಹಗಲು ಇಡೀ ರಾತ್ರಿ ಬಸ್ಸು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಬೆನ್ನಿಗೆ ಸ್ವಲ್ಪ ಸುಖ ಸಿಕ್ಕಿತು, ದಿನಗಳು ಅಷ್ಟೇನೂ ಉಳಿಯಲಿಲ್ಲ.

2006ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ವಿಮಾನ ಬಜ್ಪೆಯಿಂದ ನೇರವಾಗಿ ದುಬೈಗೆ ಹಾರಿತು. ಇದನ್ನು ನಾವು ಸರಕಾರದ ಕೊಡುಗೆ ಎಂದು ಹೇಳಿ ಕಲಿತಿದ್ದೇವೆ. ನನಗೆ ಅದು ಇಪ್ಪತ್ತು ಮೂವತ್ತು ವರ್ಷ ಬೊಂಬಾಯಿ ಬಸ್ಸಿನಲ್ಲಿ ಸವೆದ ಬೆನ್ನುಗಳು ಸಂಪಾದಿಸಿಕೊಂಡ ದಾರಿಯಾಗಿ ಕಾಣುತ್ತದೆ. ಜನ ಮೊದಲೇ ಇದ್ದರು; ವಿಮಾನ ತಡವಾಗಿ ಬಂತು. ಆಮೇಲೆ ಅಬುಧಾಬಿ, ದಮ್ಮಾಮ್, ಬಹರೈನ್, ದೋಹಾ, ಕುವೈತ್, ಮಸ್ಕತ್ ಹೆಸರುಗಳೂ ವೇಳಾಪಟ್ಟಿ ಸೇರಿದವು. 2012ರಲ್ಲಿ ನಿಲ್ದಾಣಕ್ಕೆ ಅಂತರರಾಷ್ಟ್ರೀಯ ದರ್ಜೆ ಸಿಕ್ಕಿತು. ಆ ದರ್ಜೆಗೆ ಅರ್ಥ ಕೊಟ್ಟ ದಾರಿಗಳೆಲ್ಲ ಗಲ್ಫಿನವೇ. ಪ್ರಯಾಣಿಕರಲ್ಲಿ ಬ್ಯಾರಿಗಳಿದ್ದಾರೆ, ನವಾಯತರಿದ್ದಾರೆ, ಬಿಲ್ಲವರು ಬಂಟರಿದ್ದಾರೆ, ಕುವೈತಿನ ಆಸ್ಪತ್ರೆಗಳಿಗೆ ಹೋಗುವ ಕ್ರೈಸ್ತ ನರ್ಸುಗಳಿದ್ದಾರೆ, ಕಾಸರಗೋಡಿನ ಮಲಯಾಳಿಗಳಿದ್ದಾರೆ. ಊರಿನಲ್ಲಿ ಒಟ್ಟಿಗೆ ಬಸ್ಸಿನಲ್ಲಿ ಕೂತರೆ ಪ್ರಶ್ನೆ ಕೇಳುವ ಗುಂಪುಗಳಿರುವ ಜಿಲ್ಲೆ ನಮ್ಮದು. ಬಜ್ಪೆಯಿಂದ ಮೇಲೆದ್ದ ಮೇಲೆ ಯಾರ ಪಕ್ಕ ಯಾರು ಕೂತರು ಎಂದು ಯಾರೂ ಕೇಳುವುದಿಲ್ಲ.

ಆದರೆ ದಾರಿ ಸಿಕ್ಕಿತೆಂದರೆ ನ್ಯಾಯ ಸಿಕ್ಕಂತಾಗಲಿಲ್ಲ. ಬೇರೆ ದೇಶದ ಕಂಪನಿಯ ವಿಮಾನ ನಮ್ಮ ಯಾವ ಊರಿಗೆ ಬರಬಹುದು, ವಾರಕ್ಕೆ ಎಷ್ಟು ಆಸನ ಹೊತ್ತು ಬರಬಹುದು ಎಂಬುದನ್ನು ಎರಡು ದೇಶಗಳ ಸರಕಾರಗಳು ಕೂತು ಒಪ್ಪಂದದಲ್ಲಿ ಬರೆಯುತ್ತವೆ. ಕೋಯಿಕ್ಕೋಡಿಗೆ ಗಲ್ಫ್ ದೇಶಗಳ ಕಂಪನಿಗಳೂ ಬರುತ್ತವೆ. ಮಂಗಳೂರಿನ ಗಲ್ಫ್ ದಾರಿಯಲ್ಲಿ ಇಷ್ಟು ವರ್ಷ ಹಾರಿದ್ದು ಮುಖ್ಯವಾಗಿ ಭಾರತೀಯ ಕಂಪನಿಗಳೇ, ಅದರಲ್ಲೂ ಹೆಚ್ಚಿನದು ಒಂದೇ ಕಂಪನಿ. ಸಂತೆಯಲ್ಲಿ ಮೀನು ಮಾರುವವಳು ಒಬ್ಬಳೇ ಆದರೆ ದರ ಯಾರು ಇಡುತ್ತಾರೆ? ಈದಿನ ಮುಂಚೆ, ಗಲ್ಫಿನ ಶಾಲೆಗಳಿಗೆ ರಜೆ ಬಿಡುವ ಜುಲೈಯಲ್ಲಿ, ಡಿಸೆಂಬರಿನಲ್ಲಿ ಟಿಕೆಟಿನ ಬೆಲೆ ಏರುವುದು ಹೊಸ ಸುದ್ದಿಯಲ್ಲ. ಬೆಲೆಗಿಂತ ದೊಡ್ಡ ಭಯ ವೀಸಾದ್ದು. ವಿಮಾನ ರದ್ದಾಗಿ, ವೀಸಾದ ಕೊನೆಯ ದಿನ ದಾಟಿದರೆ ಕೆಲಸವೇ ಹೋಗಬಹುದು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಸಿಬ್ಬಂದಿ ಒಟ್ಟಾಗಿ ಕಾಯಿಲೆ ರಜೆ ಹಾಕಿದಾಗ ದೇಶದಲ್ಲಿ ಹಲವಾರು ಹಾರಾಟಗಳು ರದ್ದಾದವು. ಸಿಬ್ಬಂದಿಗೆ ಅವರದೇ ಆದ ದೂರುಗಳಿದ್ದವು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಒಂದೇ ಕಂಪನಿಯನ್ನು ನಂಬಿದ ಊರಿನವನಿಗೆ ಅಂಥ ದಿನ ಬೇರೆ ಬಾಗಿಲಿಲ್ಲ.

ಇದರ ಪಕ್ಕದಲ್ಲಿ ನಮ್ಮ ರಾಜ್ಯದ ಸಣ್ಣ ನಿಲ್ದಾಣಗಳನ್ನು ಇಟ್ಟು ನೋಡಬೇಕು. ಕೇಂದ್ರದ 'ಉಡಾನ್' ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಹಾರಾಟದ ಅರ್ಧದಷ್ಟು ಆಸನಗಳಿಗೆ 2,500 ರೂಪಾಯಿಯ ಮಿತಿ ಹಾಕಿ, ಕಂಪನಿಯ ನಷ್ಟವನ್ನು ಮೂರು ವರ್ಷ ತುಂಬಿಕೊಡುವ ಏರ್ಪಾಡಿನಿಂದ ದಾರಿಗಳು ಶುರುವಾದವು. ಬೀದರಿಗೆ 2020ರ ಫೆಬ್ರವರಿಯಲ್ಲಿ ನಾಗರಿಕ ವಿಮಾನ ಬಂತು. ಆಮೇಲೆ ಅದು ಒಂದಕ್ಕಿಂತ ಹೆಚ್ಚು ಸಲ ನಿಂತು, ಮತ್ತೆ ಶುರುವಾಯಿತು. ಬೀದರಿನವರಿಗೆ ವಿಮಾನ ಬೇಡವೆಂದು ನಾನು ಹೇಳುವುದಿಲ್ಲ. ಹಿಂದುಳಿದ ಊರಿಗೆ ಸರಕಾರ ಕೈ ಹಿಡಿಯಲೇಬೇಕು. ನನ್ನ ಪ್ರಶ್ನೆ ಇಷ್ಟೆ: ಪ್ರಯಾಣಿಕರನ್ನು ಹುಡುಕಿ ತರಬೇಕಾದ ದಾರಿಗೆ ದರದ ಮಿತಿ ಇರುವಾಗ, ಪ್ರಯಾಣಿಕರು ಮುಗಿಬೀಳುವ ದಾರಿಯಲ್ಲಿ ಕೂಲಿಯವನ ಒಂದು ತಿಂಗಳ ಸಂಬಳ ಒಂದು ಟಿಕೆಟಿಗೆ ಹೋದರೂ ಅದು ಮಾರುಕಟ್ಟೆಯ ಮಾತು ಎಂದು ಸುಮ್ಮನಿರುವುದು ಹೇಗೆ? ಗಲ್ಫಿಗೆ ಹೋಗುವವನು ಹಣವಂತ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆಯನ್ನು ಹುಟ್ಟಿಸಿದವರಲ್ಲಿ ನಾವೂ ಇದ್ದೇವೆ. ಆ ಮಾತಿಗೆ ಆಮೇಲೆ ಬರುತ್ತೇನೆ.

2010ರ ಮೇ 15ರಂದು ಕೆಂಜಾರಿನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ದೊಡ್ಡ ಸಮಾರಂಭ, ದೊಡ್ಡ ಭಾಷಣ, ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು. ಸರಿಯಾಗಿ ಒಂದು ವಾರಕ್ಕೆ, ಮೇ 22ರ ಬೆಳಗಿನ ಆರರ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ರನ್‌ವೇಯ ತುದಿ ದಾಟಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದವರು 166. ಸತ್ತವರು 158. ಉಳಿದವರು ಎಂಟು ಮಂದಿ. ಮೊದಲು ಓಡಿಬಂದವರು ಸುತ್ತಲ ಹಳ್ಳಿಯವರು.

ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯದ ವರದಿಯನ್ನು ಓದಿದರೆ ಅದರ ಶಿಸ್ತಿಗೆ ತಲೆಬಾಗಬೇಕು. ವಿಮಾನ ಇಳಿಯಬೇಕಾದ ಎತ್ತರಕ್ಕಿಂತ ಮೇಲಿತ್ತು. ಎಂಟು ಸಾವಿರ ಅಡಿಗಳ ರನ್‌ವೇಯಲ್ಲಿ ಐದು ಸಾವಿರ ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು, ಎದ್ದ ಮೇಲೂ ಆ ಮಂಪರು ಬಿಟ್ಟಿರಲಿಲ್ಲ. ಪಕ್ಕದಲ್ಲಿದ್ದ ಕಿರಿಯ ಪೈಲಟ್ ಇಳಿಸುವುದು ಬೇಡ, ಮೇಲೆತ್ತಿ ಇನ್ನೊಂದು ಸುತ್ತು ಬರೋಣ ಎಂದು ಮೂರು ಸಲ ಹೇಳಿದ್ದು ಧ್ವನಿಮುದ್ರಿಕೆಯಲ್ಲಿದೆ. ಅಪಾಯವನ್ನು ಕಂಡವನು ಕಿರಿಯ; ನಿರ್ಧಾರ ಹಿರಿಯನದು. ಮನೆ, ಮಸೀದಿ ಕಮಿಟಿ, ಪಕ್ಷ, ಎಲ್ಲೆಡೆ ನಮಗೆ ಪರಿಚಿತವಾದ ರೀತಿಯೇ ಇದು. ಮೂರು ಸಲ ಹೇಳಿದ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗದಿರುವುದು ಎಷ್ಟು ದೊಡ್ಡ ದುರಂತವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವರದಿ ವಿಮಾನದ ಕಥೆಯನ್ನು ಪೂರ್ತಿ ಹೇಳುತ್ತದೆ. ಪ್ರಯಾಣಿಕರು ಅದರಲ್ಲಿ ಒಂದು ಸಂಖ್ಯೆ. ಅವರ ಕಥೆ ಹೇಳುವುದು ಅದರ ಕೆಲಸವೂ ಅಲ್ಲ. ಪ್ರಯಾಣಿಕರು ಯಾರು, ಅವರ ಬದುಕಿನ ಬೆಲೆ ಎಷ್ಟು ಎಂಬ ಪ್ರಶ್ನೆ ಬಂದದ್ದು ಪರಿಹಾರದ ವಿಚಾರಣೆಯಲ್ಲಿ. ಭಾರತ 2009ರಲ್ಲಿ ಮಾಂಟ್ರಿಯಲ್ ಒಪ್ಪಂದವನ್ನು ಒಪ್ಪಿಕೊಂಡಿತ್ತು. ಅದರ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾವಾದರೆ, ಆಗಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿಯವರೆಗೆ ಕಂಪನಿ ತನ್ನ ತಪ್ಪಿಲ್ಲವೆಂದು ವಾದಿಸಿ ತಪ್ಪಿಸಿಕೊಳ್ಳುವಂತಿಲ್ಲ. ಪ್ರಶ್ನೆ ಬಂದದ್ದು ಇಲ್ಲಿ: ಅಷ್ಟು ಹಣ ಪ್ರತಿ ಕುಟುಂಬಕ್ಕೂ ಸಿಗಲೇಬೇಕಾದ ಕನಿಷ್ಠವೋ, ಅಥವಾ ಆದ ನಷ್ಟವನ್ನು ರುಜುವಾತು ಮಾಡಿದಷ್ಟೇ ಕೊಟ್ಟರೆ ಸಾಕೋ? ಮಗನನ್ನು ಕಳೆದುಕೊಂಡ ಕಾಸರಗೋಡು ಕಡೆಯ ಕುಟುಂಬವೊಂದರ ಅರ್ಜಿಯ ಮೇಲೆ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ಅದು ಕನಿಷ್ಠ ಮೊತ್ತವೇ ಎಂದಿತು. ಅದೇ ವರ್ಷ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ನಷ್ಟಕ್ಕೆ ರುಜುವಾತು ಬೇಕು.

ರುಜುವಾತು ಎಂದರೆ ಸಂಬಳದ ಚೀಟಿ. 2020ರಲ್ಲಿ ಸುಪ್ರೀಂ ಕೋರ್ಟ್ ಈ ಅಪಘಾತದ ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಪರಿಹಾರ ಕೊಟ್ಟಿತು. ತೀರಿಕೊಂಡವರು ಒಂದು ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದವರು. ಸಂಬಳವನ್ನು ಮಾಲೀಕ ಬೇರೆ ಬೇರೆ ಭತ್ಯೆಗಳಾಗಿ ಒಡೆದು ತೋರಿಸಿದ ಮಾತ್ರಕ್ಕೆ ಆದಾಯ ಕಡಿಮೆಯಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿದ್ದು ಸರಿಯಾಗಿಯೇ ಇದೆ. ಆ ಕುಟುಂಬ ಹತ್ತು ವರ್ಷ ಹೋರಾಡಿ ಪಡೆದ ಹಣ ಅದು. ಅವರ ಮೇಲೆ ಯಾರಿಗೂ ಅಸೂಯೆ ಬೇಡ. ಗಳಿಕೆಯ ಮೇಲೆ ಪರಿಹಾರ ಲೆಕ್ಕ ಹಾಕುವುದು ಎಲ್ಲ ಕಡೆ ಇರುವ ಪದ್ಧತಿಯೇ. ಆದರೆ ನಾನು ಯೋಚಿಸುವುದು ಮಾಮುವಿನಂಥವರನ್ನು. ಕಾಗದದ ಮೇಲೆ ಒಂದು ಸಂಬಳ, ಓವರ್‌ಟೈಮ್ ಕೈಗೆ ನಗದು, ಶುಕ್ರವಾರ ಬೇರೆ ಕಡೆ ಮಾಡಿದ ಕೆಲಸಕ್ಕೆ ಲೆಕ್ಕವೇ ಇಲ್ಲ. ಅಂಥವನು ಜೀವವಿದ್ದಾಗ ಮನೆ ಕಟ್ಟಿದ್ದು, ಇಬ್ಬರು ತಂಗಿಯರ ನಿಕಾಹ್ ಮಾಡಿದ್ದು ಊರಿಗೆಲ್ಲ ಗೊತ್ತಿರುತ್ತದೆ. ವಕೀಲರ ಮೇಜಿನ ಮೇಲೆ ಇಡಲು ಒಂದು ಚೀಟಿ ಇರುವುದಿಲ್ಲ. ಗಂಡನನ್ನು ನೋಡಲು ಹೋಗಿ ಮರಳುತ್ತಿದ್ದ ಹೆಂಡತಿಯ ಸಂಬಳದ ಚೀಟಿಯನ್ನು ಎಲ್ಲಿಂದ ತರುವುದು? ಅಪಘಾತದ ಮರುದಿನಗಳಲ್ಲಿ ಕೊಟ್ಟ ಮಧ್ಯಂತರ ಪರಿಹಾರದಲ್ಲೇ ದೊಡ್ಡವರಿಗೆ ಹತ್ತು ಲಕ್ಷ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಐದು ಲಕ್ಷ ಎಂಬ ಗೆರೆ ಎಳೆಯಲಾಗಿತ್ತು. ಸಾವು ಎಲ್ಲರಿಗೂ ಒಂದೇ ನಿಮಿಷದಲ್ಲಿ ಬಂತು. ಲೆಕ್ಕ ಮಾತ್ರ ಬೇರೆ ಬೇರೆಯಾಯಿತು.

ಲೆಕ್ಕದ ಇನ್ನೊಂದು ಉದಾಹರಣೆ ಹೇಳುತ್ತೇನೆ. ಗಲ್ಫಿನಲ್ಲಿ ತೀರಿಕೊಂಡವನು ಊರಿಗೆ ಬರುವುದೂ ಇದೇ ವಿಮಾನಗಳ ಹೊಟ್ಟೆಯಲ್ಲೇ, ಸರಕಿನ ಜೊತೆ. 2019ರ ಆರಂಭದವರೆಗೆ ಯು.ಎ.ಇ.ಯಿಂದ ಬರುವ ಶವಕ್ಕೆ ಏರ್ ಇಂಡಿಯಾ ತೂಕ ಹಾಕಿ ದರ ಹೇಳುತ್ತಿತ್ತು. ವಲಸಿಗರ ಸಂಘಟನೆಗಳು ವರ್ಷಗಟ್ಟಲೆ ಕೇಳಿಕೊಂಡ ಮೇಲೆ ತೂಕ ಬಿಟ್ಟು, ದೊಡ್ಡವರಿಗೆ 1,500 ದಿರ್‌ಹಮ್, ಮಕ್ಕಳಿಗೆ ಅದರ ಅರ್ಧ ಎಂದು ನಿಗದಿ ಮಾಡಲಾಯಿತು. ಮಯ್ಯತ್‌ಗೆ ತೂಕ ಕೇಳಬಾರದು ಎಂಬುದನ್ನು ಅರ್ಥ ಮಾಡಿಸಲು ಅಷ್ಟು ವರ್ಷ ಬೇಕಾಯಿತು. ಬಜ್ಪೆಯ ಆಗಮನದ ಬಾಗಿಲಿನಲ್ಲಿ ಹೂಗುಚ್ಛ ಹಿಡಿದವರನ್ನು ನಾವು ಚಿತ್ರಗಳಲ್ಲಿ ನೋಡುತ್ತೇವೆ. ಸರಕಿನ ಬಾಗಿಲಿನಲ್ಲಿ ಆಂಬುಲೆನ್ಸ್ ನಿಲ್ಲಿಸಿಕೊಂಡು, ಕಾಗದಗಳಿಗೆ ಸಹಿ ಹಾಕುತ್ತ ನಿಂತ ಅಣ್ಣತಮ್ಮಂದಿರ ಚಿತ್ರ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಇನ್ನು ನಮ್ಮ ಕಥೆಗಳು. ಕಟ್ಪಾಡಿ ಫಕೀರ್ ಮುಹಮ್ಮದ್, ಬೊಳುವಾರು ಮಹಮದ್ ಕುಂಞಿ, ಸಾರಾ ಅಬೂಬಕ್ಕರ್ ಕನ್ನಡಕ್ಕೆ ಒಂದು ಹೊಸ ಲೋಕವನ್ನು ತಂದುಕೊಟ್ಟರು. ನಮ್ಮ ಮನೆಯ ಒಳಕೋಣೆಯ ಮಾತುಗಳನ್ನು ಕನ್ನಡದಲ್ಲಿ ಬರೆಯಬಹುದು ಎಂಬ ಧೈರ್ಯ ನನಗೆ ಬಂದದ್ದು ಅವರಿಂದ. ಆಮೇಲೆ ಬಂದ ನಮ್ಮ ಪೀಳಿಗೆ ತಲಾಖ್ ಬಗ್ಗೆ ಬರೆಯಿತು, ಮೌಲವಿಗಳ ಬಗ್ಗೆ ಬರೆಯಿತು, ಗಲಭೆಯ ಬಗ್ಗೆ ಬರೆಯಿತು. ಬರೆಯಬೇಕಾದದ್ದೇ. ಆದರೆ ಕರಾವಳಿಯ ಮುಸ್ಲಿಂ ಮನೆಗಳ ಅನ್ನ, ಸೂರು, ಸಂಬಂಧ, ಅಹಂಕಾರ ಎಲ್ಲವನ್ನೂ ಬದಲಿಸಿದ ಗಲ್ಫ್ ದುಡಿಮೆ ನಮ್ಮ ಬರವಣಿಗೆಯಲ್ಲಿ, ನಾನು ಓದಿದ ಮಟ್ಟಿಗೆ, ಹೆಚ್ಚಾಗಿ ಹಿನ್ನೆಲೆಯಲ್ಲೇ ಉಳಿಯಿತು. ಗಂಡ ದುಬೈಯಲ್ಲಿದ್ದಾನೆ ಎಂದು ಒಂದು ಸಾಲು ಬರೆದು ಅವನನ್ನು ಕಥೆಯಿಂದ ಆಚೆ ಕಳಿಸುವುದು ನಮಗೆ ಅನುಕೂಲವಾಯಿತು.

ಮಲಯಾಳದಲ್ಲಿ ಹಾಗಾಗಲಿಲ್ಲ. ಬೆನ್ಯಾಮಿನ್ 2008ರಲ್ಲಿ 'ಆಡುಜೀವಿತಂ' ಬರೆದರು. ಮರುಭೂಮಿಯಲ್ಲಿ ಆಡು ಕಾಯುವ ಗುಲಾಮನಾದವನ ಕಥೆ ಸಾವಿರಾರು ಮನೆಗಳಿಗೆ ತಲುಪಿತು, ಕನ್ನಡಕ್ಕೂ ಬಂತು, 2024ರಲ್ಲಿ ಸಿನಿಮಾ ಆಯಿತು. 2015ರ 'ಪತ್ತೇಮಾರಿ'ಯಲ್ಲಿ ಮಮ್ಮೂಟ್ಟಿ ದೋಣಿಯಲ್ಲಿ ಗಲ್ಫಿಗೆ ಹೋದ ಹಳೆಯ ತಲೆಮಾರಿನವನಾಗಿ, ಮನೆಯವರಿಗಾಗಿ ಸವೆದು ಹೋಗುವುದನ್ನು ತೋರಿಸಿದರು. ಅದೇ ಸಮುದ್ರ, ಅದೇ ವಿಮಾನ, ಎಷ್ಟೋ ಸಲ ಅದೇ ಲೇಬರ್ ಕ್ಯಾಂಪಿನ ಪಕ್ಕದ ಹಾಸಿಗೆ. ನಮ್ಮವರು ಅಲ್ಲಿದ್ದರು. ನಮ್ಮ ಬರಹ ಅಲ್ಲಿರಲಿಲ್ಲ.

ಇದನ್ನು ಬೇರೆಯವರ ಮೇಲೆ ಹೊರಿಸಿ ತಪ್ಪಿಸಿಕೊಳ್ಳಲಾರೆ. 2004ರಲ್ಲಿ ಅಚ್ಚಾದ ನನ್ನ ಮೊದಲ ಕಥೆಯಲ್ಲಿ ಗಲ್ಫಿನಿಂದ ಬಂದವನೊಬ್ಬ ಟ್ಯಾಕ್ಸಿಯಿಂದ ಇಳಿಯುತ್ತಾನೆ. ಇಡೀ ಓಣಿ ಅತ್ತರಿನಿಂದ ಘಮಘಮಿಸುತ್ತದೆ, ಮಕ್ಕಳು ಚಾಕಲೇಟಿಗೆ ಓಡಿ ಬರುತ್ತಾರೆ, ಅವನ ಕೈಗಡಿಯಾರ ಬಿಸಿಲಿಗೆ ಹೊಳೆಯುತ್ತದೆ. ಅವನು ದರ್ಪದ ಮನುಷ್ಯ. ಬಡ ಶಾಲಾ ಮಾಸ್ತರನ ಎದುರು ಅವನನ್ನು ಸಣ್ಣವನನ್ನಾಗಿ ಮಾಡಿ ಕಥೆ ಮುಗಿಸಿದ್ದೆ. ಕೆಲವರು ಮೆಚ್ಚಿದರು. ಮಾಮು ರಜೆಯಲ್ಲಿ ಬಂದಾಗ ಹೆಮ್ಮೆಯಿಂದ ಅದರ ಸಾರಾಂಶ ಹೇಳಿದೆ. ಅವರು ಚಹಾ ಕುಡಿದು ಮುಗಿಸಿ ಇಷ್ಟೇ ಅಂದರು: "ಅತ್ತರ್‌ಕಿ ಬಾತ್ ಲಿಖ್ಯಾ ತೂ, ಉಧಾರ್‌ಕಿ ಬಾತ್ ನೈ ಲಿಖ್ಯಾ." ಅತ್ತರಿನ ಸಂಗತಿ ಬರೆದೆ, ಅದನ್ನು ಕೊಳ್ಳಲು ಮಾಡಿದ ಸಾಲದ ಸಂಗತಿ ಬರೆಯಲಿಲ್ಲ. ಬರಿಗೈಯಲ್ಲಿ ಬಂದರೆ ಊರು ಏನನ್ನುತ್ತದೆ ಎಂಬ ಭಯಕ್ಕೆ, ಕ್ಯಾಂಪಿನ ಗೆಳೆಯರಲ್ಲಿ ಸಾಲ ಮಾಡಿ ಪೆಟ್ಟಿಗೆ ತುಂಬಿಸುವುದು ಅಲ್ಲಿ ಎಲ್ಲರೂ ಬಲ್ಲ ರಹಸ್ಯವಂತೆ. ಗಲ್ಫಿನವನು ಹಣವಂತ ಎಂಬ ನಂಬಿಕೆಗೆ ನಾನೂ ಒಂದು ಕಲ್ಲು ಸೇರಿಸಿದ್ದೆ.

ನನಗೆ ಗೊತ್ತಿರಲಿಲ್ಲ ಎಂದೂ ಹೇಳುವಂತಿಲ್ಲ. ಹತ್ತು ಹನ್ನೊಂದರ ವಯಸ್ಸಿನಲ್ಲಿ ಮಾಮಿಯ ಕಾಗದಗಳನ್ನು ಉರ್ದುವಿನಲ್ಲಿ ಬರೆದುಕೊಡುತ್ತಿದ್ದವನು ನಾನೇ. ಬಾಗಿಲಿಗೆ ಒರಗಿ ಕೂತು ಮಾಮಿ ಹೇಳುತ್ತಿದ್ದರು: ಇಲ್ಲಿ ಎಲ್ಲ ಖೈರಿಯತ್, ಮಳೆ ಚೆನ್ನಾಗಿದೆ, ಚಿಕ್ಕವನಿಗೆ ಹಲ್ಲು ಬಂದಿದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. "ಬಸ್, ಇಷ್ಟೇ" ಎನ್ನುತ್ತಿದ್ದರು. ಮಗುವಿನ ಕೈಯಲ್ಲಿ ಬರೆಸಲಾಗದ ಮಾತುಗಳು ಅಲ್ಲಿದ್ದವು ಎಂದು ಹೊಳೆಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಮುಂದೆ ಮನೆಗೆ ಟೇಪ್‌ರೆಕಾರ್ಡರ್ ಬಂದ ಮೇಲೆ ಅವರು ಕೋಣೆಯ ಬಾಗಿಲು ಹಾಕಿಕೊಂಡು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸತೊಡಗಿದರು. ಆ ಕ್ಯಾಸೆಟ್ಟುಗಳಲ್ಲಿದ್ದ ಸಾಹಿತ್ಯ ನಮ್ಮ ಯಾವ ಸಂಕಲನದಲ್ಲೂ ಇಲ್ಲ. ಮೂವತ್ತು ವರ್ಷದ ದಾಂಪತ್ಯದಲ್ಲಿ ಒಟ್ಟಿಗೆ ಕಳೆದ ತಿಂಗಳುಗಳನ್ನು ಕೂಡಿಸಿದರೆ ಮೂರು ವರ್ಷ ಆಗುವುದಿಲ್ಲ. ಎರಡು ತಿಂಗಳ ರಜೆಯಲ್ಲಿ ಒಂದು ವಾರ ಬೊಂಬಾಯಿಗೆ ಹೋಗುತ್ತಿತ್ತು ಎಂದೆನಲ್ಲ, ಆ ವಾರ ಮಾಮಿಯದಾಗಿತ್ತು. ಬಜ್ಪೆಯಿಂದ ನೇರ ವಿಮಾನ ಬಂದಾಗ ಅವರಿಗೆ ಮರಳಿ ಸಿಕ್ಕಿದ್ದು ಆ ಒಂದು ವಾರ. ವಿಮಾನದಾರಿಯ ಲಾಭನಷ್ಟವನ್ನು ಹೀಗೆ ಲೆಕ್ಕ ಹಾಕುವ ವರದಿಯನ್ನು ನಾನು ನೋಡಿಲ್ಲ. ಅದನ್ನು ಬರೆಯಬೇಕಾದವರು ನಾವು.

2020ರಲ್ಲಿ ಬಜ್ಪೆಗೆ ಮೂರು ಸಂಗತಿಗಳು ಒದಗಿದವು. ಜನವರಿ 20ರಂದು ನಿಲ್ದಾಣದಲ್ಲಿ ಬಾಂಬಿದ್ದ ಚೀಲ ಸಿಕ್ಕಿತು. ಎರಡು ದಿನ ಬಿಟ್ಟು ಇಟ್ಟವನು ತಾನಾಗಿ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದ. ಮಣಿಪಾಲದ ವಿದ್ಯಾವಂತ, ಹಿಂದೂ ಹೆಸರಿನವನು. 2022ರಲ್ಲಿ ನ್ಯಾಯಾಲಯ ಅವನಿಗೆ 20 ವರ್ಷ ಶಿಕ್ಷೆ ಕೊಟ್ಟಿತು. ನಡುವಿನ ಆ ಎರಡು ದಿನ ನಮ್ಮ ಮನೆಗಳಲ್ಲಿ ಹೇಗಿತ್ತು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. 'ಯಾ ಅಲ್ಲಾಹ್, ಹೆಸರು ನಮ್ಮದಾಗದಿರಲಿ' ಎಂಬ ದುಆ ಎಷ್ಟು ಬಾಯಿಗಳಲ್ಲಿತ್ತೋ. ಮೇ 12ರಂದು ಕೊರೋನಾ ನಡುವೆ ದುಬೈಯಿಂದ ಮೊದಲ 'ವಂದೇ ಭಾರತ್' ವಿಮಾನ ಬಂದಿಳಿಯಿತು. ಕೆಲಸ ಕಳೆದುಕೊಂಡವರು, ಬಸುರಿಯರು, ವಯಸ್ಸಾದವರು ಅದರಲ್ಲಿದ್ದರು. ಅವರವರ ಟಿಕೆಟಿಗೆ ಅವರವರೇ ಹಣ ಕೊಟ್ಟಿದ್ದರು. ಇದೇ ಬಗೆಯ ವಿಮಾನವೊಂದು ಆಗಸ್ಟ್ 7ರಂದು, ಗುಡ್ಡದ ಮೇಲೆಯೇ ಇರುವ ಕೋಯಿಕ್ಕೋಡಿನ ರನ್‌ವೇ ದಾಟಿ ಉರುಳಿತು. 21 ಮಂದಿ ತೀರಿಕೊಂಡರು. ಹತ್ತು ವರ್ಷದ ಹಿಂದಿನ ಗಾಯ ಇಲ್ಲಿಯೂ ಮತ್ತೆ ತೆರೆಯಿತು. ಅಕ್ಟೋಬರ್ ಕೊನೆಗೆ ನಿಲ್ದಾಣ 50 ವರ್ಷದ ಗುತ್ತಿಗೆಯ ಮೇಲೆ ಅದಾನಿ ಕಂಪನಿಯ ಕೈಗೆ ಹೋಯಿತು.

ಖಾಸಗಿಯವರು ಬಂದರೆ ನೆಲ ಹೊಳೆಯುತ್ತದೆ, ಅಂಗಡಿಗಳು ಬರುತ್ತವೆ. ಬರಲಿ. ಆದರೆ ಒಂದು ದಾರಿ ಇರಬೇಕೋ ಬೇಡವೋ ಎಂಬುದು ಎಷ್ಟು ಹಗುರವಾಗಿ ತೀರ್ಮಾನವಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. ಕೊರೋನಾಕ್ಕೆ ಮುಂಚೆ ಕೆಲವು ವರ್ಷ ನಮ್ಮ ಹಾಜಿಗಳು ಬಜ್ಪೆಯಿಂದಲೇ ಹೊರಡುತ್ತಿದ್ದರು. ಹಜ್ ಹೊರಡುವ ಊರುಗಳನ್ನು 21ರಿಂದ 10ಕ್ಕೆ ಇಳಿಸಿದಾಗ ಮಂಗಳೂರು ಪಟ್ಟಿಯಿಂದ ಬಿಟ್ಟುಹೋಯಿತು. ಕರ್ನಾಟಕಕ್ಕೆ ಬೆಂಗಳೂರು ಒಂದೇ ಉಳಿಯಿತು. 2018ರ ಡಿಸೆಂಬರಿನಲ್ಲಿ ಕಣ್ಣೂರು ನಿಲ್ದಾಣ ತೆರೆದ ಮೇಲೆ ಕಾಸರಗೋಡಿನವರಿಗೆ ಇನ್ನೊಂದು ಬಾಗಿಲು ಸಿಕ್ಕಿದೆ. ದರದಲ್ಲಿ, ಮರ್ಯಾದೆಯಲ್ಲಿ ಸರಿಕಾಣದಿದ್ದರೆ ಜನ ಅತ್ತ ನಡೆಯುತ್ತಾರೆ. ಬಜ್ಪೆಯ ಅದೃಷ್ಟ ಯಾರ ಕಾಲಿನಲ್ಲಿದೆ ಎಂಬುದನ್ನು ಅದನ್ನು ನಡೆಸುವವರು ಈಗಲಾದರೂ ಅರಿಯುವುದು ಒಳ್ಳೆಯದು.

ಹೆಸರಿನ ಚರ್ಚೆಯಿಂದ ಶುರು ಮಾಡಿದೆ. ಹೆಸರಿಲ್ಲದವರ ಮಾತಿನಿಂದ ಮುಗಿಸುತ್ತೇನೆ. 2010ರ ಅಪಘಾತದಲ್ಲಿ ಸುಟ್ಟುಹೋದ ದೇಹಗಳಲ್ಲಿ 22ನ್ನು ಡಿ.ಎನ್.ಎ. ಪರೀಕ್ಷೆಗೆ ಕಳಿಸಿದ್ದರು. ಹತ್ತು ಗುರುತಾದವು. ಹನ್ನೆರಡು ಗುರುತಾಗಲಿಲ್ಲ. ಅವರನ್ನು ಕೂಳೂರು ತಣ್ಣೀರುಬಾವಿಯ ಬಳಿ, ಫಲ್ಗುಣಿ ನದಿಯ ದಡದಲ್ಲಿ, ಎಲ್ಲ ಧರ್ಮಗಳ ಪ್ರಾರ್ಥನೆ ಮಾಡಿಸಿ ಮಣ್ಣು ಮಾಡಲಾಯಿತು. ಅಲ್ಲಿ ಈಗ ಸ್ಮಾರಕವಿದೆ. ಪ್ರತಿ ಮೇ 22ರಂದು ಜಿಲ್ಲಾಡಳಿತದವರು ಹೂವಿಡುತ್ತಾರೆ. ಒಮ್ಮೆ ನಾನೂ ಹೋಗಿದ್ದೆ, ಮೇ ತಿಂಗಳಲ್ಲಲ್ಲ, ಯಾರೂ ಇಲ್ಲದ ಒಂದು ಮಧ್ಯಾಹ್ನ. ಫಾತಿಹಾ ಓದಲು ಕೈ ಎತ್ತಿದಾಗ ಇಲ್ಲಿ ಯಾರು ಮುಸ್ಲಿಮ್, ಯಾರು ಹಿಂದೂ, ಯಾರು ಕ್ರೈಸ್ತ ಎಂಬ ಯೋಚನೆ ಬಂತು. ತಿಳಿಯುವ ದಾರಿ ಇರಲಿಲ್ಲ. ಹನ್ನೆರಡು ಮಂದಿಗೂ ಸೇರಿಸಿ ಓದಿದೆ. ಅಷ್ಟರಲ್ಲಿ ತಲೆಯ ಮೇಲೆ ಒಂದು ವಿಮಾನ ಬಜ್ಪೆಯ ಕಡೆ ತಗ್ಗಿ ಹೋಯಿತು. ಗಲ್ಫಿನಿಂದ ಬಂದದ್ದೋ, ಬೆಂಗಳೂರಿನಿಂದ ಬಂದದ್ದೋ ಗೊತ್ತಾಗಲಿಲ್ಲ. ಅದು ಇಳಿದ ಸದ್ದು ಕೇಳುವವರೆಗೆ ನಿಂತಿದ್ದು ಆಮೇಲೆ ಹೊರಟೆ.